ಅಚ್ಚುಕೂಟದಿಂದ ಬಂದ ಅಪಾಸ್ಟ್ರಫಿ

ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ತಪ್ಪಿದರೆ ಬರೆದವರ ವಿದ್ಯೆಯನ್ನೇ ಶಂಕಿಸುವವರಿದ್ದಾರೆ. ಅಂಗಡಿಯ ಹಲಗೆಯ ಮೇಲೆ ಬರಿಯ ಬಹುವಚನಕ್ಕೂ ಈ ಚಿಹ್ನೆ ಸೇರಿಕೊಳ್ಳುವುದನ್ನು ಕಂಡು ಬ್ರಿಟನ್ನಿನವರು ಅದಕ್ಕೆ ತರಕಾರಿ ವ್ಯಾಪಾರಿಯ ಅಪಾಸ್ಟ್ರಫಿ ಎಂದೇ ಹೆಸರಿಟ್ಟರು. ಈ ಹಂಗಿಸುವಿಕೆಯ ಬೆನ್ನಿಗೊಂದು ನಂಬಿಕೆಯಿದೆ: ನಿಯಮ ಬಲು ಹಳೆಯದು, ಹಿಂದಿನವರೆಲ್ಲ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು, ಕೆಟ್ಟಿದ್ದು ಈಚೆಗೆ ಎಂಬುದು. ಚರಿತ್ರೆ ಹೇಳುವುದು ಬೇರೆ. ಇಂದಿನ ನಿಯಮ ಅಚ್ಚುಕೂಟ ಮತ್ತು ವ್ಯಾಕರಣಕಾರರ ನಡುವೆ ಸುಮಾರು ಮುನ್ನೂರು ವರ್ಷಗಳ ತಡಕಾಟದಲ್ಲಿ ರೂಪುಗೊಂಡಿತು. ಇಂದು ತಪ್ಪೆನಿಸುವ ಎಷ್ಟೋ ಬಳಕೆಗಳು ಒಂದು ಕಾಲದಲ್ಲಿ ಓದಿದವರ ಬಳಕೆಗಳೇ ಆಗಿದ್ದವು.

1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಷಿಯಸ್ ಪೆಟ್ರಾರ್ಕನ ಇಟಾಲಿಯನ್ ಕವಿತೆಗಳನ್ನು ಅಚ್ಚು ಹಾಕಿದಾಗ, ಉಚ್ಚಾರದಲ್ಲಿ ಬಿದ್ದುಹೋದ ಸ್ವರದ ಜಾಗದಲ್ಲಿ ಈ ಚಿಹ್ನೆಯನ್ನಿಟ್ಟ. ಫ್ರೆಂಚ್ ಮುದ್ರಕರು ಅದನ್ನು ಎತ್ತಿಕೊಂಡರು. ಅದೇ ಶತಮಾನದಲ್ಲಿ ಅದು ಇಂಗ್ಲೆಂಡಿಗೂ ಬಂತು. ಕೆಲಸ ಒಂದೇ, ಲೋಪವಾದ ಅಕ್ಷರವನ್ನು ಗುರುತಿಸುವುದು. (ಮಾತು, ಇಲ್ಲ ಸೇರಿ ಮಾತಿಲ್ಲ ಆದಾಗ ನಮ್ಮ ಬರಹ ಲೋಪವಾದ ಸ್ವರಕ್ಕೆ ಯಾವ ಗುರುತನ್ನೂ ಇಡುವುದಿಲ್ಲ.) ಷಷ್ಠಿ ವಿಭಕ್ತಿಯ ಅಪಾಸ್ಟ್ರಫಿ ಕೂಡ ಹುಟ್ಟಿದ್ದು ಲೋಪದಿಂದಲೇ. ಹಳೆಯ ಇಂಗ್ಲಿಷಿನ ಬಹಳಷ್ಟು ನಾಮಪದಗಳಿಗೆ ಷಷ್ಠಿಯಲ್ಲಿ 'ಎಸ್' ಎಂಬ ಪ್ರತ್ಯಯ ಹತ್ತುತ್ತಿತ್ತು. ಅದರೊಳಗಿನ ಸ್ವರ ಮಾತಿನಲ್ಲಿ ಸವೆದು ಸಕಾರವಷ್ಟೇ ಉಳಿಯಿತು. ಸವೆದ ಸ್ವರದ ನೆನಪಿಗೆ ಚಿಹ್ನೆ ಬಂತು. ಅದೂ ಏಕಾಏಕಿ ಬರಲಿಲ್ಲ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ನಾಟಕಗಳ ಮೊದಲ ಫೋಲಿಯೊದಲ್ಲಿ ಬಹುಪಾಲು ಷಷ್ಠಿ ರೂಪಗಳಿಗೆ ಈ ಚಿಹ್ನೆಯೇ ಇಲ್ಲ. ಮೂಲ ಮರೆತ ಮೇಲೆ ಪಂಡಿತರೂ ಎಡವಿದರು. ಆ ಸಕಾರ 'ಹಿಸ್' ಎಂಬ ಸರ್ವನಾಮದ ಉಳಿಕೆ ಎಂಬ ಎಣಿಕೆ ಹಬ್ಬಿತು. 1711ರ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಜೋಸೆಫ್ ಅಡಿಸನ್ ಅದನ್ನು ಹಿಸ್, ಹರ್ ಎರಡಕ್ಕೂ ಅನ್ವಯಿಸಿದ. 1755ರ ನಿಘಂಟಿನ ವ್ಯಾಕರಣ ಭಾಗದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಎಣಿಕೆಯನ್ನು ತಳ್ಳಿಹಾಕಿದ: ಹೆಂಗಸನ್ನು ಹೇಳುವ ಪದಕ್ಕೂ ಅದೇ ಸಕಾರ ಹತ್ತುವಾಗ, ಗಂಡಸಿನ ಸರ್ವನಾಮ ಅದರ ಮೂಲವಾಗುವುದು ಹೇಗೆ?

ಬಹುವಚನದ ಕತೆ ಇನ್ನೂ ಸ್ವಾರಸ್ಯದ್ದು. ಹದಿನೆಂಟನೆಯ ಶತಮಾನದಲ್ಲಿ ಆಪೆರಾ, ಕಾಮಾ ಮೊದಲಾದ ಸ್ವರಾಂತ ಪದಗಳ ಬಹುವಚನಕ್ಕೆ ಅಪಾಸ್ಟ್ರಫಿ ಇಡುವುದು ಸಾಮಾನ್ಯವಾಗಿತ್ತು. ತರಕಾರಿ ವ್ಯಾಪಾರಿ ಟೊಮ್ಯಾಟೊಗೆ ಮಾಡುವುದೂ ಅದನ್ನೇ. 'ಅದರ' ಎಂಬ ಅರ್ಥದ 'ಇಟ್ಸ್' ಬಹುಕಾಲ ಅಪಾಸ್ಟ್ರಫಿಯೊಂದಿಗೇ ಬರೆಯಲ್ಪಡುತ್ತಿತ್ತು. 1787ರ ಅಮೆರಿಕದ ಸಂವಿಧಾನದ ಕೈಬರಹದ ಪ್ರತಿಯಲ್ಲೂ ಅದು ಹಾಗೇ ಇದೆ. ಹಿಸ್, ಹರ್ಸ್, ಅವರ್ಸ್ ಎಂಬ ಸರ್ವನಾಮಗಳ ಸಾಲಿಗೆ ಸೇರಿ ಚಿಹ್ನೆ ಕಳಚಿಕೊಂಡಿದ್ದು, 'ಇಟ್ ಈಸ್' ಎಂಬುದರ ಸಂಕ್ಷೇಪಕ್ಕೆ ಮಾತ್ರ ಚಿಹ್ನೆ ಉಳಿದದ್ದು ಆಮೇಲಿನ ಮಾತು. ಈ ಹಿನ್ನೆಲೆ ಗೊತ್ತಿದ್ದವರು ಮಕ್ಕಳಿಗೆ ಬರಿಯ ಕಂಠಪಾಠ ಮಾಡಿಸಬೇಕಿಲ್ಲ. ಅಕ್ಷರ ಬಿದ್ದಿದೆಯೇ ಎಂದು ಕೇಳಿದರೆ ಈ ಗೊಂದಲ ನೀಗುತ್ತದೆ.

ನಿಯಮ ಇಷ್ಟು ಆಕಸ್ಮಿಕವಾದರೆ ಅದನ್ನು ಬಿಟ್ಟೇಬಿಡಬಾರದೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬರ್ನಾರ್ಡ್ ಷಾ ತನ್ನ ನಾಟಕಗಳ ಎಷ್ಟೋ ಸಂಕ್ಷೇಪಗಳಲ್ಲಿ ಅದನ್ನು ಕೈಬಿಟ್ಟ, ಅರ್ಥಕ್ಕೇನೂ ಕುಂದು ಬರಲಿಲ್ಲ. 1890ರಲ್ಲಿ ಹುಟ್ಟಿದ ಅಮೆರಿಕದ ಭೌಗೋಳಿಕ ನಾಮಗಳ ಮಂಡಳಿ ಸ್ಥಳನಾಮಗಳಲ್ಲಿ ಷಷ್ಠಿಯ ಅಪಾಸ್ಟ್ರಫಿಯನ್ನು ಒಪ್ಪುವುದು ತೀರ ಅಪರೂಪ. ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲಿ ಬೀದಿ ಫಲಕಗಳಿಂದ ಅದನ್ನು ಕೈಬಿಟ್ಟಿತು. ಲಂಡನ್ನಿನ ಸುರಂಗ ರೈಲಿನಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಚಿಹ್ನೆಯಿದೆ, ಬ್ಯಾರನ್ಸ್ ಕೋರ್ಟಿಗೆ ಇಲ್ಲ. ಅಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಆದರೆ ಹೆಸರು ಬರಿಯ ಗುರುತು, ವಾಕ್ಯ ಹಾಗಲ್ಲ. ಒಬ್ಬ ಹುಡುಗನ, ಹಲವು ಹುಡುಗರ, ಬರಿಯ ಹುಡುಗರು ಎಂಬ ಮೂರಕ್ಕೂ ಇಂಗ್ಲಿಷಿನ ಕಿವಿಗೆ ಕೇಳುವುದು 'ಬಾಯ್ಸ್' ಒಂದೇ. ಕಿವಿಗೆ ಸಿಗದ ಈ ಭೇದವನ್ನು ಕಣ್ಣಿಗೆ ತೋರುವುದು ಚಿಹ್ನೆಯೇ, ಅದೂ ಸಕಾರದ ಹಿಂದೆಯೋ ಮುಂದೆಯೋ ಎಂಬ ಅದರ ಜಾಗ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಶಾಲೆಯ ಹೆಸರಿನಲ್ಲಿ ಅದು ಸಕಾರದ ನಂತರ ಕೂತಿರುವುದು ಹುಡುಗರು ಹಲವರು ಎಂಬುದಕ್ಕಾಗಿ. ವ್ಯಾಕರಣಕಾರರ ದುಡಿಮೆಯಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಈ ಭೇದ. ಅದನ್ನು ಕಲಿಸಲೇಬೇಕು.

ಕಲಿಸುವುದಕ್ಕೂ ಕಾವಲು ಕಾಯುವುದಕ್ಕೂ ಅಂತರವಿದೆ. 2001ರಲ್ಲಿ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ ಅಪಾಸ್ಟ್ರಫಿ ರಕ್ಷಣೆಗೊಂದು ಸಂಘ ಕಟ್ಟಿದರು. 2019ರಲ್ಲಿ ಅದನ್ನು ಮುಚ್ಚುವಾಗ ಜನರ ಸೋಮಾರಿತನ, ಅಜ್ಞಾನ ಗೆದ್ದವೆಂದು ನೊಂದುಕೊಂಡರು. ಅವರ ಕಾಳಜಿ ದೊಡ್ಡದು. ರೋಗನಿದಾನ ಮಾತ್ರ ಸರಿಯಲ್ಲ. ಅಜ್ಞಾನವೆಂದು ತಳ್ಳಿದ್ದರಲ್ಲಿ ಬಹಳಷ್ಟು ಹಳೆಯ ಅಚ್ಚಿನ ರೂಢಿಯೇ ಮತ್ತೆ ತಲೆಯೆತ್ತಿದ್ದು. ಬಲ್ಲವರ ನಡುವೆಯೂ ಎಲ್ಲವೂ ಇನ್ನೂ ಇತ್ಯರ್ಥವಾಗಿಲ್ಲ. ಸಕಾರದಲ್ಲೇ ಮುಗಿಯುವ ಜೇಮ್ಸ್ ಎಂಬ ಹೆಸರಿನ ಷಷ್ಠಿಗೆ ಲಂಡನ್ನಿನ ಸೇಂಟ್ ಜೇಮ್ಸ್ ಉದ್ಯಾನ ಚಿಹ್ನೆಯ ಜೊತೆ ಇನ್ನೊಂದು ಸಕಾರವನ್ನೂ ಇಡುತ್ತದೆ, ನ್ಯೂಕಾಸಲ್ಲಿನ ಅದೇ ಹೆಸರಿನ ಫುಟ್‌ಬಾಲ್ ಮೈದಾನ ಚಿಹ್ನೆಯೊಂದನ್ನೇ ಇಡುತ್ತದೆ. ಎರಡೂ ಸರಿಯೇ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇವೆರಡರಲ್ಲಿ ಯಾವುದನ್ನು ಬರೆದರೂ ಪರೀಕ್ಷಕರು ಅಂಕ ಕಡಿಯಬಾರದು.