ಹೊಲಿದವಳ ಹೆಸರು

2012ರಲ್ಲಿ ಕಾಮಿಕ್ ಕಾನ್ ಎಂಬ ಜಾತ್ರೆ ಮೊದಲ ಬಾರಿಗೆ ಬೆಂಗಳೂರಿಗೆ ಬಂತು. ಚಿತ್ರಕಥೆ, ವಿಜ್ಞಾನ ಕಥೆಗಳ ಅಭಿಮಾನಿಗಳೆಲ್ಲ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಸೇರಿದ್ದರು. ನಾವು ಮೂವರು ಟೀಚರುಗಳೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಹತ್ತಿ, ಪುಳಿಯೋಗರೆ ಡಬ್ಬಿ ಹಿಡಿದು ಹೋದೆವು. ಗೆಳತಿಯ ಮಗ ಅಂದು ಗಗನಯಾತ್ರಿ. ಆ ಉಡುಪಿಗಾಗಿ ಅವಳು ಎರಡು ರಾತ್ರಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಜನ ಹುಡುಗನ ಫೋಟೋ ತೆಗೆದರು. ಹೊಲಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. “ನಮ್ಮ ಶಾಲೆಯ ಛದ್ಮವೇಷಾನೇ ಅಲ್ವೇನೇ ಇದು?” ಎಂದು ಅವಳು ನಕ್ಕುಬಿಟ್ಟಳು.

ಈ ವೇಷದ ಮೂಲ ಹಳೆಯದು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಇಬ್ಬರೂ ಅಲ್ಲಿಗೆ ಭವಿಷ್ಯಕಾಲದ ಉಡುಪು ತೊಟ್ಟು ಬಂದರು. 1936ರ ‘ಥಿಂಗ್ಸ್ ಟು ಕಮ್’ ಚಲನಚಿತ್ರ ಅದಕ್ಕೆ ಪ್ರೇರಣೆ. ಮರುವರ್ಷ ಷಿಕಾಗೋ ಸಮ್ಮೇಳನದಲ್ಲಿ ವೇಷ ಹಾಕಿದವರು ಹಲವರು. ಕೀರ್ತಿ ಬಹುಕಾಲ ಆಕರ್‌ಮನ್‌ಗೇ ಸಂದಿತು. ಎರಡೂ ಉಡುಪುಗಳನ್ನು ಹೊಲಿದವಳು ಮಿರ್ಟಲ್.

ಈಚೆಗೆ ಇದನ್ನು ಓದಿ ಗೆಳತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಾನೂ ಸುಮ್ಮನಾದೆ. ಇಪ್ಪತ್ತೈದು ವರ್ಷ ಶಾಲೆಯ ಛದ್ಮವೇಷ ಸ್ಪರ್ಧೆಯ ಬಹುಮಾನ ಪಟ್ಟಿ ಬರೆದವಳು ನಾನೇ. ಹೊಲಿದ ಒಬ್ಬ ತಾಯಿಯ ಹೆಸರೂ ಅದರಲ್ಲಿಲ್ಲ.