ಒಡೆದ ಚರ್ಮಕ್ಕೆ ಸೆರಮೈಡ್ ಗಾರೆ

ಧನುರ್ಮಾಸ ಬಂತೆಂದರೆ ಹಾಸನ ತಾಲ್ಲೂಕಿನ ಶಾಂತಿಗ್ರಾಮದ ಸುತ್ತಮುತ್ತ ನಸುಕಿನ ಚಳಿಯ ಜೊತೆಗೆ ಒಣಹವೆಯೂ ಕಾಡುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಕಾಲನ್ನು ಉಗುರಿನಿಂದ ಗೀರಿದರೆ ಬಿಳಿಗೆರೆ ಮೂಡುತ್ತದೆ. ಹಂಡೆಯ ಸುಡುನೀರಿನ ಸ್ನಾನ ಹಿತವೆನಿಸಿದರೂ ತೊಂದರೆಯನ್ನು ಹೆಚ್ಚಿಸುವುದು ಅದೇ. ಬಿಸಿನೀರು ಮತ್ತು ಸಾಬೂನು ಸೇರಿ ಚರ್ಮದಿಂದ ತೊಳೆದುಹಾಕುವ ಕೊಬ್ಬಿನಂಶಗಳಲ್ಲಿ ಸೆರಮೈಡ್ ಮುಖ್ಯವಾದುದು.

ಚರ್ಮದ ಅತ್ಯಂತ ಹೊರಗಿನ ಪದರವನ್ನು ತಜ್ಞರು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಕೊಬ್ಬಿನಂಶವೇ ಗಾರೆ. ಈ ಗಾರೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್. ಉಳಿದುದರಲ್ಲಿ ಹೆಚ್ಚಿನ ಪಾಲು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳದು. ಗಾರೆ ಉದುರಿದರೆ ಒಳಗಿನ ನೀರು ಆರಿಹೋಗುತ್ತದೆ, ತುರಿಕೆ ಹುಟ್ಟಿಸುವ ವಸ್ತುಗಳೂ ರೋಗಾಣುಗಳೂ ಸುಲಭವಾಗಿ ಒಳಸೇರುತ್ತವೆ. ಅಟೋಪಿಕ್ ಡರ್ಮಟೈಟಿಸ್ ಎಂಬ ಇಸುಬು ಇರುವವರ ಚರ್ಮದಲ್ಲಿ ಸೆರಮೈಡ್ ಕಡಿಮೆ ಇರುವುದನ್ನು ಜಪಾನಿನ ಸಂಶೋಧಕರು 1991ರಲ್ಲೇ ವರದಿ ಮಾಡಿದ್ದರು.

ಹಾಗೆಂದು ಡಬ್ಬಿಯ ಮೇಲೆ ಸೆರಮೈಡ್ ಎಂಬ ಹೆಸರು ಕಂಡ ಮಾತ್ರಕ್ಕೆ ದುಬಾರಿ ಕ್ರೀಮು ಕೊಳ್ಳಬೇಕಿಲ್ಲ. 1990ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮೂರು ಘಟಕಗಳ ಪೈಕಿ ಒಂದನ್ನೋ ಎರಡನ್ನೋ ಹಚ್ಚಿದಾಗ ಚರ್ಮದ ದುರಸ್ತಿ ನಿಧಾನಗೊಂಡಿತು. ಮೂರನ್ನೂ ತಕ್ಕ ಪ್ರಮಾಣದಲ್ಲಿ ಸೇರಿಸಿದಾಗ ಸರಾಗವಾಗಿ ಸಾಗಿತು. ಸುಣ್ಣವೊಂದರಿಂದಲೇ ಗಾರೆಯಾಗದಲ್ಲ! ಅಗ್ಗದ ಪೆಟ್ರೋಲಿಯಂ ಜೆಲ್ಲಿ ಗಾರೆಯ ಸ್ಥಾನ ತುಂಬದಿದ್ದರೂ ನೀರು ಆರಿಹೋಗದಂತೆ ತಡೆಯುತ್ತದೆ. ಆ ಬಿಡುವಿನಲ್ಲಿ ಚರ್ಮ ತನಗೆ ಬೇಕಾದ ಸೆರಮೈಡನ್ನು ತಾನೇ ತಯಾರಿಸಿಕೊಳ್ಳಬಲ್ಲದು.

ಅಪಾಯವಿರುವುದು ಬೇರೆಡೆ. ತುರಿಕೆಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಹಚ್ಚಿದೊಡನೆ ಕೆಂಪು ಇಳಿಯುವುದರಿಂದ ಅವುಗಳ ಮೇಲೆ ನಂಬಿಕೆ ಬೆಳೆಯುತ್ತದೆ. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗುತ್ತದೆ, ಕೊಬ್ಬಿನಂಶದ ತಯಾರಿಕೆಯೇ ಕುಗ್ಗುತ್ತದೆ. ಅಂದರೆ ಗೋಡೆ ಮತ್ತಷ್ಟು ಸಡಿಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ವೈದ್ಯರೇ ಇಸುಬಿಗೆ ಬರೆದುಕೊಟ್ಟ ಸ್ಟೀರಾಯ್ಡನ್ನು ಹೆದರಿ ನಿಲ್ಲಿಸುವುದೂ ಸರಿಯಲ್ಲ. ಅದರ ಜೊತೆಗೇ ಸೆರಮೈಡ್ ಕ್ರೀಮನ್ನೂ ಬಳಸಬಹುದು.

ಕ್ರೀಮು ಯಾವುದಾದರೂ, ಉಗುರುಬೆಚ್ಚಗಿನ ನೀರಿನ ಸ್ನಾನ ಮುಗಿದು ಮೈಯಲ್ಲಿ ತೇವವಿರುವಾಗಲೇ ಹಚ್ಚಬೇಕು. ಬಿರುಕಿನಿಂದ ರಕ್ತ, ಕೀವು ಅಥವಾ ನೀರು ಒಸರುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲೋ ಸಮೀಪದ ವೈದ್ಯರಲ್ಲೋ ತೋರಿಸಬೇಕು.