ನ್ಯಾಷನಲ್ ಲಾಟರಿ, ಬ್ರಿಟನ್
ಸರ್ಕಾರದ ಪರವಾನಗಿ ಪಡೆದು ಖಾಸಗಿ ಕಂಪನಿ ನಡೆಸುವ ಬ್ರಿಟನ್ನಿನ ರಾಷ್ಟ್ರೀಯ ಲಾಟರಿ. 1993ರ ಕಾಯ್ದೆಯಿಂದ ಸ್ಥಾಪಿತ. ಮೊದಲ ಡ್ರಾ 1994ರ ನವೆಂಬರ್ 19ರಂದು. ಆಗ ಒಂದು ಪೌಂಡಿನ ಟಿಕೆಟ್ಟಿನಲ್ಲಿ 49 ಸಂಖ್ಯೆಗಳ ಪೈಕಿ ಆರನ್ನು ಗುರುತಿಸಬೇಕಿತ್ತು. 2015ರಿಂದ 59ರ ಪೈಕಿ. ಮಾರಾಟದ ಹಣದಲ್ಲಿ ಶೇ. 12 ತೆರಿಗೆ; ಮತ್ತೊಂದು ಪಾಲು ಕಲೆ, ಕ್ರೀಡೆ, ಪರಂಪರೆ, ಸಮುದಾಯ ಕಾರ್ಯಗಳಿಗೆ.

ನಿರ್ವಾಹಕರ ಆಯ್ಕೆ ಅವಧಿವಾರು ಪೈಪೋಟಿಯಿಂದ. ಮೊದಲ ಮೂರೂ ಪರವಾನಗಿಗಳು ಕ್ಯಾಮೆಲಾಟ್ ಕಂಪನಿಗೆ ದಕ್ಕಿದವು. 2000ದಲ್ಲಿ ಎರಡನೇ ಪರವಾನಗಿಗೆ ಸ್ಪರ್ಧಿಸಿದ್ದ ಇಬ್ಬರ ಅರ್ಜಿಗಳನ್ನೂ ಆಗಿನ ಲಾಟರಿ ಆಯೋಗ ತಿರಸ್ಕರಿಸಿ, ಕ್ಯಾಮೆಲಾಟ್‌ನ ಎದುರಾಳಿಯಾಗಿದ್ದ ಉದ್ಯಮಿ ರಿಚರ್ಡ್ ಬ್ರಾನ್ಸನ್‌ರ ಪೀಪಲ್ಸ್ ಲಾಟರಿಯೊಂದಿಗೆ ಮಾತ್ರ ಮಾತುಕತೆ ಮುಂದುವರಿಸಿತು; ಇದು ನ್ಯಾಯಸಮ್ಮತವಲ್ಲವೆಂದು ಹೈಕೋರ್ಟ್ ತೀರ್ಪಿತ್ತ ಬಳಿಕ ಪರವಾನಗಿ ಕ್ಯಾಮೆಲಾಟ್‌ನಲ್ಲೇ ಉಳಿಯಿತು. 2022ರಲ್ಲಿ ನಿಯಂತ್ರಕ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್ ನಾಲ್ಕನೇ ಪರವಾನಗಿಗೆ ಆಲ್ವಿನ್ ಕಂಪನಿಯನ್ನು ಆರಿಸಿತು. ಕ್ಯಾಮೆಲಾಟ್ ದಾವೆ ಹೂಡಿ ಹಿಂತೆಗೆದುಕೊಂಡಿತು. ಮರುವರ್ಷ ಆಲ್ವಿನ್ ಕ್ಯಾಮೆಲಾಟ್ ಕಂಪನಿಯನ್ನೇ ಕೊಂಡುಕೊಂಡು, 2024ರ ಫೆಬ್ರವರಿ 1ರಿಂದ ಹತ್ತು ವರ್ಷಗಳ ಅವಧಿಗೆ ಲಾಟರಿಯನ್ನು ವಹಿಸಿಕೊಂಡಿತು.